ನೋವಿನ ಜೊತೆ ಕೂರುವುದು: ನಾಸಿಕ್ ಮತ್ತು ಸಂಭಾಜಿನಗರದಲ್ಲಿ ಸಿಕ್ಕ ಪಾಠ



ನಿಮ್ಮ ಮನೆಯಲ್ಲೂ ಇಂಥವರು ಒಬ್ಬರು ಇರಬಹುದು. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಸೊಂಟಕ್ಕೆ ಕೈ ಕೊಟ್ಟು 'ಯಾ ಅಲ್ಲಾಹ್' ಎನ್ನುವವರು. 'ಹೇಗಿದ್ದೀರಿ?' ಎಂದು ಕೇಳಿದರೆ 'ಅಲ್‌ಹಮ್ದುಲಿಲ್ಲಾಹ್' ಎಂದಷ್ಟೇ ಹೇಳಿ ಅಡುಗೆಮನೆಗೆ ಹೋಗುವವರು. ನಮ್ಮ ಮನೆಯಲ್ಲಿ ಅವರು ನನ್ನ ಅಮ್ಮಿ. ಹೊಲಿಗೆ ಯಂತ್ರದ ಮುಂದೆ ಇಪ್ಪತ್ತೈದು ವರ್ಷ ಬಾಗಿ ಕೂತು ನಮ್ಮನ್ನು ಓದಿಸಿದವರು. ನನ್ನ ಬಿ.ಎಡ್. ಫೀಸೂ ಆ ಯಂತ್ರದಿಂದಲೇ ಬಂದದ್ದು. ಅದರ ಬಾಕಿ ಲೆಕ್ಕ ಈಗ ಅವರ ಸೊಂಟದಲ್ಲಿದೆ.

ಎಕ್ಸ್‌ರೇ ಆಯಿತು, ಎಂಆರ್‌ಐ ಆಯಿತು. ಆಪರೇಷನ್ ಬೇಕಾಗಿಲ್ಲ, ಆದರೆ ನೋವು ಪೂರ್ತಿ ಹೋಗುವುದೂ ಇಲ್ಲ ಎಂದರು ವೈದ್ಯರು. ಆಮೇಲೆ ಶುರುವಾಯಿತು ನೋಡಿ, ನೆಂಟರ ಸಲಹೆ. ಒಬ್ಬರು 'ಸಬರ್ ಮಾಡಿ' ಅಂದರು. ಇನ್ನೊಬ್ಬರು 'ಧ್ಯಾನ ಮಾಡಿದರೆ ಮಾತ್ರೆಯೇ ಬೇಡ' ಅಂದರು. ಮೂರನೆಯವರು 'ಅದೆಲ್ಲ ನಮ್ಮದಲ್ಲ, ಹತ್ತಿರ ಹೋಗಬೇಡಿ' ಅಂದರು. ಅಮ್ಮಿ ಎರಡನೆಯವರ ಮಾತು ಕೇಳಿ ಯಾರಿಗೂ ಹೇಳದೆ ಮಾತ್ರೆ ಬಿಟ್ಟರು. ನೋವಿನ ಮಾತ್ರೆಯ ಜೊತೆ ಬಿಪಿ ಮಾತ್ರೆಯನ್ನೂ ಬಿಟ್ಟಿದ್ದರು. ಒಂದು ರಾತ್ರಿ ತಲೆ ತಿರುಗಿ ಬಿದ್ದು, ನಾವು ಆಟೋದಲ್ಲಿ ಆಸ್ಪತ್ರೆಗೆ ಓಡಬೇಕಾಯಿತು. ದೇವರ ದಯೆ, ದೊಡ್ಡ ಅನಾಹುತ ಆಗಲಿಲ್ಲ.

ಅಂದಿನಿಂದ ನನಗೊಂದು ಪ್ರಶ್ನೆ ಕಾಡತೊಡಗಿತು. ಕಣ್ಣು ಮುಚ್ಚಿ ಕೂತು ಉಸಿರನ್ನು ಗಮನಿಸುವ ಈ ಪದ್ಧತಿಗೂ ದೀರ್ಘಕಾಲದ ನೋವಿಗೂ ನಿಜವಾಗಿ ಏನು ಸಂಬಂಧ? ಅದನ್ನು ಬಲ್ಲವರು ಔಷಧ ಬಿಡಿ ಎಂದು ಎಂದಾದರೂ ಹೇಳಿದ್ದರೇ? ಉತ್ತರದ ಹೆಚ್ಚಿನ ಪಾಲು ನಮ್ಮಿಂದ ತೀರಾ ದೂರವಲ್ಲದ ಎರಡು ಜಿಲ್ಲೆಗಳಲ್ಲಿ ಸಿಕ್ಕಿತು: ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರ, ಅಂದರೆ ನಮ್ಮ ಹಿರಿಯರ ಬಾಯಲ್ಲಿನ ಔರಂಗಾಬಾದ್.

ಕಲಬುರಗಿ ಕಡೆಯವರಿಗೆ ಔರಂಗಾಬಾದ್ ಪರಕೀಯ ಊರಲ್ಲ. 1956ರ ನವೆಂಬರ್ 1ರವರೆಗೆ ಎರಡೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಕಲಬುರಗಿಯ ಖ್ವಾಜಾ ಬಂದೇ ನವಾಜ್ (ರ) ಅವರ ತಂದೆಯ ಸಮಾಧಿ ಇರುವುದು ಆ ಜಿಲ್ಲೆಯ ಖುಲ್ದಾಬಾದ್‌ನಲ್ಲಿ. ನೆಂಟರ ಮದುವೆಗೆಂದು ಅಲ್ಲಿಗೆ ಹೋದ ನಾನು ಹಾಗೇ ನಾಸಿಕ್‌ವರೆಗೂ ಹೋಗಿಬಂದೆ. ಇತಿಹಾಸ ಕಾಲಕ್ರಮದಲ್ಲೇ ಇರಲಿ, ಮೊದಲು ನಾಸಿಕ್‌ನಿಂದ ಆರಂಭಿಸುತ್ತೇನೆ.

ಬೆಟ್ಟದ ಮೇಲಿನ ಔಷಧ ನಿಧಿ

ನಾಸಿಕ್ ಊರ ಹೊರಗೆ ತ್ರಿರಶ್ಮಿ ಎಂಬ ಬೆಟ್ಟವಿದೆ. ಜನ ಅದನ್ನು ಪಾಂಡವ ಲೇಣಿ ಎನ್ನುತ್ತಾರೆ. ಪಾಂಡವರಿಗೂ ಅದಕ್ಕೂ ಸಂಬಂಧವಿಲ್ಲ. ಅಲ್ಲಿರುವ 24 ಗುಹೆಗಳು ಬೌದ್ಧ ಭಿಕ್ಷುಗಳಿಗಾಗಿ ಸುಮಾರು ಎರಡು ಸಾವಿರ ವರ್ಷಗಳ ಹಿಂದಿನಿಂದ ಕೊರೆದವು. ನಡುವೆ ಪಡಸಾಲೆ, ಸುತ್ತಲೂ ಒಬ್ಬ ಮನುಷ್ಯ ಮಲಗುವಷ್ಟು ಪುಟ್ಟ ಕೋಣೆಗಳು. ಮಳೆಗಾಲವಿಡೀ ಭಿಕ್ಷುಗಳು ಇಂಥ ಕಡೆ ತಂಗಿ ಧ್ಯಾನ, ಅಧ್ಯಯನ ಮಾಡುತ್ತಿದ್ದರು. ಉಸಿರಿನ ಮೇಲೆ ಗಮನವಿಡುವುದು ಬೌದ್ಧರ ಅತ್ಯಂತ ಹಳೆಯ ಅಭ್ಯಾಸಗಳಲ್ಲಿ ಒಂದು.

ಈ ಗುಹೆಗಳ ಗೋಡೆಗಳಲ್ಲಿ ಹಲವು ಶಾಸನಗಳಿವೆ. ಶಾತವಾಹನರದ್ದು, ಕ್ಷಹರಾತ ನಹಪಾನನ ಅಳಿಯ ಉಷವದಾತನದ್ದು ಎಲ್ಲ ಪ್ರಸಿದ್ಧ. ನಾನು ಹೇಳಬೇಕೆಂದಿರುವುದು ಅಷ್ಟು ಪ್ರಸಿದ್ಧವಲ್ಲದ ಒಂದರ ಬಗ್ಗೆ. ಅದು ಕ್ರಿ.ಶ. 3ನೇ ಶತಮಾನದ್ದು, ಆಭೀರ ರಾಜ ಈಶ್ವರಸೇನನ ಕಾಲದ್ದು. ಬರೆಸಿದವಳು ವಿಷ್ಣುದತ್ತಾ ಎಂಬ ಉಪಾಸಿಕೆ, ಶಕ ಕುಲದ ಹೆಣ್ಣುಮಗಳು. ತನ್ನನ್ನು ಆಕೆ ಒಬ್ಬರ ಮಗಳು, ಒಬ್ಬರ ಹೆಂಡತಿ, ಒಬ್ಬರ ತಾಯಿ ಎಂದು ಪರಿಚಯಿಸಿಕೊಳ್ಳುತ್ತಾಳೆ. ಆಕೆ ಮಾಡಿದ್ದೇನು ಗೊತ್ತೇ? ಗೋವರ್ಧನ ಪಟ್ಟಣದ ಕಸುಬುದಾರರ ಸಂಘಗಳಲ್ಲಿ, ಎಣ್ಣೆ ಗಾಣದವರ ಸಂಘವೂ ಸೇರಿ, ಹಣವನ್ನು ಶಾಶ್ವತ ಠೇವಣಿಯಾಗಿ ಇಟ್ಟಳು. ಅದರ ಬಡ್ಡಿಯಿಂದ ತ್ರಿರಶ್ಮಿ ಬೆಟ್ಟದ ವಿಹಾರದಲ್ಲಿ ಕಾಯಿಲೆ ಬಿದ್ದ ಭಿಕ್ಷುಗಳಿಗೆ ಔಷಧ ಒದಗಿಸಬೇಕು ಎಂದು ಷರತ್ತು.

ಇನ್ನೊಮ್ಮೆ ಯೋಚಿಸಿ. ಅಲ್ಲಿದ್ದವರು ಹತ್ತು ದಿನದ ಅಭ್ಯಾಸಿಗಳಲ್ಲ, ಬಾಳನ್ನೇ ಅದಕ್ಕೆ ಕೊಟ್ಟವರು. ಅವರಿಗೂ ಮೈ ನೋಯುತ್ತಿತ್ತು, ಜ್ವರ ಬರುತ್ತಿತ್ತು. 'ನೀವು ಧ್ಯಾನಿಗಳು, ನಿಮಗೇಕೆ ಔಷಧ?' ಎಂದು ಯಾರೂ ಕೇಳಲಿಲ್ಲ. ಧ್ಯಾನದ ಕೋಣೆಯೂ ಔಷಧದ ನಿಧಿಯೂ ಒಂದೇ ಬೆಟ್ಟದ ಮೇಲಿದ್ದವು. ನಮ್ಮ ವಕ್ಫ್ ಪದ್ಧತಿಯನ್ನು ಬಲ್ಲವರಿಗೆ ಈ ಏರ್ಪಾಡು ಹೊಸದೆನಿಸದು: ಅಸಲು ಮುಟ್ಟಬಾರದು, ಆದಾಯ ಒಳಿತಿಗೆ ಹೋಗಬೇಕು. ಬಡ್ಡಿಯ ವಿಷಯ ಬೇರೆ ಬಿಡಿ.

ಪನ್‌ಚಕ್ಕಿಯ ಪಕ್ಕದಲ್ಲಿ

ಈಗ ಸಂಭಾಜಿನಗರಕ್ಕೆ ಬನ್ನಿ, ಸುಮಾರು ಹದಿನಾಲ್ಕು ನೂರು ವರ್ಷ ಈಚೆಗೆ. ಪನ್‌ಚಕ್ಕಿಯನ್ನು ಪ್ರವಾಸಿಗರೆಲ್ಲ ನೋಡುತ್ತಾರೆ. ದೂರದಿಂದ ಮಣ್ಣಿನ ಕೊಳವೆಯಲ್ಲಿ ಬರುವ ನೀರು, ಆ ನೀರಿಗೆ ತಿರುಗುವ ಬೀಸುವ ಕಲ್ಲು. ಪಕ್ಕದಲ್ಲೇ ಮಲಗಿರುವ ಇಬ್ಬರನ್ನು ಕೇಳುವವರು ಕಡಿಮೆ. ಬಾಬಾ ಪಲಂಗ್‌ಪೋಶ್ ಮತ್ತು ಬಾಬಾ ಶಾಹ್ ಮುಸಾಫಿರ್ (ರ), ಇಬ್ಬರೂ ಮಧ್ಯ ಏಷ್ಯಾದಿಂದ ದಖನ್ನಿಗೆ ಬಂದ ನಕ್ಷಬಂದಿ ಸೂಫಿಗಳು.

ನಕ್ಷಬಂದಿ ದಾರಿಯಲ್ಲಿ ಜಿಕ್ರ್ ಬಹುತೇಕ ಮೌನದ್ದು. ಆ ಪರಂಪರೆಯ ನಿಯಮಗಳಲ್ಲಿ ಒಂದರ ಹೆಸರು 'ಹೋಶ್ ದರ್ ದಮ್'. ಉರ್ದು ಬಲ್ಲವರಿಗೆ ಅರ್ಥ ಹೇಳಬೇಕಿಲ್ಲ: ಉಸಿರಿನಲ್ಲಿ ಎಚ್ಚರ. ಒಳಗೆ ಹೋಗುವ, ಹೊರಗೆ ಬರುವ ಒಂದು ಉಸಿರೂ ಮರೆವಿನಲ್ಲಿ ಕಳೆಯಬಾರದು ಎಂಬ ಪಾಠ. ಇದನ್ನು 12ನೇ ಶತಮಾನದ ಬುಖಾರಾ ಪ್ರಾಂತ್ಯದ ಖ್ವಾಜಾ ಅಬ್ದುಲ್ ಖಾಲಿಕ್ ಘಿಜ್ದುವಾನಿ ಅವರ ಹೆಸರಿಗೆ ಸೇರಿಸುತ್ತಾರೆ. ಅದೇ ಊರಲ್ಲಿ ಚಿಶ್ತಿ ಪಂಥದ ಶಾಹ್ ನಿಜಾಮುದ್ದೀನ್ ಔರಂಗಾಬಾದಿ (ರ) ಇದ್ದರು. 1730ರ ಸುಮಾರಿಗೆ ತೀರಿಕೊಂಡರು. ಅವರು ಪಾರಸಿಯಲ್ಲಿ ಬರೆದ 'ನಿಜಾಮುಲ್ ಕುಲೂಬ್' ಜಿಕ್ರ್‌ನ ವಿಧಾನಗಳನ್ನೇ ವಿವರಿಸುವ ಗ್ರಂಥ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. 'ನೋಡಿ, ಧ್ಯಾನ ನಮ್ಮಲ್ಲೇ ಇತ್ತು' ಎಂದು ಎದೆ ತಟ್ಟಿಕೊಳ್ಳಲು ನಾನಿದನ್ನು ಹೇಳುತ್ತಿಲ್ಲ. ಸೂಫಿಗಳ ಗುರಿ ಅಲ್ಲಾಹನ ಸ್ಮರಣೆ, ಭಿಕ್ಷುಗಳ ಗುರಿ ನಿಬ್ಬಾಣ. ಎರಡೂ ಒಂದಲ್ಲ, ಎರಡೂ ಸೊಂಟನೋವಿನ ಚಿಕಿತ್ಸೆಯಲ್ಲ. ಆದರೆ ಉಸಿರು ಮಾತ್ರ ಯಾರೊಬ್ಬರ ಆಸ್ತಿಯೂ ಅಲ್ಲ. ಅದನ್ನು ಗಮನಿಸಿದರೆ ಮನಸ್ಸು ಒಂದು ಕಡೆ ನಿಲ್ಲುತ್ತದೆ ಎಂಬುದನ್ನು ಈ ಎರಡು ಜಿಲ್ಲೆಗಳಲ್ಲಿ ಬೇರೆ ಬೇರೆ ಜನ ಬೇರೆ ಬೇರೆ ಕಾಲದಲ್ಲಿ ಕಂಡುಕೊಂಡಿದ್ದರು.

ನೋವಿಗೂ ಗಮನಕ್ಕೂ ಇರುವ ನಂಟನ್ನು ಹೇಳಿದವರು ವೈದ್ಯರು. 1037ರಲ್ಲಿ ತೀರಿಕೊಂಡ ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್'ನಲ್ಲಿ ನೋವನ್ನು 15 ಬಗೆಯಾಗಿ ವಿಂಗಡಿಸಿದ್ದಾರೆ: ಚುಚ್ಚುವುದು, ಎಳೆಯುವುದು, ಒತ್ತುವುದು, ಮರಗಟ್ಟುವುದು ಹೀಗೆ. ಪರಿಹಾರಗಳಲ್ಲಿ ಔಷಧಗಳ ಜೊತೆ ನಿಧಾನದ ನಡಿಗೆ, ಹಿತವಾದ ಸಂಗೀತ, ಮನಸ್ಸನ್ನು ಪೂರ್ತಿ ಹಿಡಿದಿಡುವ ಕೆಲಸ ಇವೆಲ್ಲ ನೋವಿನ ತೀವ್ರತೆ ಕಡಿಮೆ ಮಾಡುತ್ತವೆ ಎನ್ನುತ್ತಾರೆ. ಅವರಲ್ಲೂ ಔಷಧ ಮತ್ತು ಗಮನ ಒಟ್ಟಿಗೇ ಇವೆ.

ಇಗತ್‌ಪುರಿಗೆ ಬಂದ ಅರೆತಲೆನೋವು

ಇನ್ನು ನಮ್ಮ ಕಾಲದ ಕಥೆ. ನಾಸಿಕ್ ಜಿಲ್ಲೆಯ ಇಗತ್‌ಪುರಿ ಮುಂಬೈ ರೈಲು ಮಾರ್ಗದಲ್ಲಿ ಘಟ್ಟ ಹತ್ತಿದ ಕೂಡಲೇ ಸಿಗುವ ಊರು. ಅಲ್ಲಿರುವ ಧಮ್ಮಗಿರಿ ವಿಪಶ್ಯನಾ ಕೇಂದ್ರದ ಹೆಸರನ್ನು ನೀವು ಕೇಳಿರುತ್ತೀರಿ. ಅದರ ಹಿಂದೆ ಒಬ್ಬ ವ್ಯಾಪಾರಿಯ ತಲೆನೋವು ಇದೆ ಎಂಬುದು ಎಷ್ಟು ಜನರಿಗೆ ಗೊತ್ತು?

ಸತ್ಯನಾರಾಯಣ ಗೋಯೆಂಕಾ 1924ರಲ್ಲಿ ಬರ್ಮಾದ ಮಾಂಡಲೇಯಲ್ಲಿ, ಮಾರವಾಡಿ ಕುಟುಂಬದಲ್ಲಿ ಹುಟ್ಟಿದರು. ಚಿಕ್ಕ ವಯಸ್ಸಿಗೇ ದೊಡ್ಡ ಉದ್ಯಮಿಯಾದರು. ಜೊತೆಗೆ ತೀವ್ರ ಮೈಗ್ರೇನ್ ಅಂಟಿಕೊಂಡಿತು. ನೋವು ಬಂದಾಗ ಮಾರ್ಫಿನ್ ಚುಚ್ಚುಮದ್ದು ಬಿಟ್ಟರೆ ಬೇರೇನೂ ಕೆಲಸ ಮಾಡುತ್ತಿರಲಿಲ್ಲ. ಹೀಗೇ ಹೋದರೆ ಮಾರ್ಫಿನ್ನಿಗೆ ದಾಸರಾಗುತ್ತೀರಿ ಎಂದು ವೈದ್ಯರು ಎಚ್ಚರಿಸಿದರು. ಯುರೋಪು, ಅಮೆರಿಕ, ಜಪಾನ್ ಎಲ್ಲ ಸುತ್ತಿ ಬಂದರೂ ಗುಣ ಕಾಣಲಿಲ್ಲ. ಕೊನೆಗೆ ಸ್ನೇಹಿತರೊಬ್ಬರು ರಂಗೂನಿನ ಸಯಾಜಿ ಉ ಬಾ ಖಿನ್ ಅವರ ಹೆಸರು ಹೇಳಿದರು. ಇವರು ಸನ್ಯಾಸಿಯಲ್ಲ, ಸರ್ಕಾರಿ ನೌಕರ. ಸ್ವತಂತ್ರ ಬರ್ಮಾದ ಮೊದಲ ಅಕೌಂಟೆಂಟ್ ಜನರಲ್. 1952ರಲ್ಲಿ ಅಲ್ಲಿ ಧ್ಯಾನ ಕೇಂದ್ರ ತೆರೆದಿದ್ದರು.

ಗೋಯೆಂಕಾ ಅವರಿಗೆ ಹಿಂಜರಿಕೆ ಇತ್ತು. ಅವರು ಕಟ್ಟಾ ಸನಾತನಿ ಹಿಂದೂ. ಅಲ್ಲಿಗೆ ಹೋದರೆ ತನ್ನನ್ನು ಬೌದ್ಧನನ್ನಾಗಿ ಮಾಡಿಬಿಡುತ್ತಾರೇನೋ ಎಂಬ ಭಯ. ನಮ್ಮ ನೆಂಟರು ಹೇಳಿದ 'ಅದೆಲ್ಲ ನಮ್ಮದಲ್ಲ' ಎಂಬ ಮಾತು ನೆನಪಾಯಿತಲ್ವಾ? ಭಯ ನಮಗೊಬ್ಬರಿಗೇ ಇರುವುದಲ್ಲ.

ಹೇಗೋ ಧೈರ್ಯ ಮಾಡಿ ಹೋಗಿ, 'ನನ್ನ ತಲೆನೋವು ಗುಣವಾಗಬೇಕು' ಎಂದರು. ಉ ಬಾ ಖಿನ್ ಒಪ್ಪಲಿಲ್ಲ! ತಲೆನೋವಿನ ಮದ್ದಿಗಾಗಿ ಬರುವುದಾದರೆ ಬರಬೇಡಿ, ಅದು ಈ ಸಾಧನೆಯನ್ನು ಅಗ್ಗ ಮಾಡಿದಂತೆ ಎಂಬುದು ಅವರ ನಿಲುವು. ಮನಸ್ಸಿನ ಶುದ್ಧಿಗಾಗಿ ಬನ್ನಿ, ರೋಗಕ್ಕೆ ಲಾಭವಾದರೆ ಅದು ಉಪಫಲ. 1955ರಲ್ಲಿ ಗೋಯೆಂಕಾ ಮೊದಲ ಶಿಬಿರ ಮಾಡಿದರು. ಆಮೇಲೆ ಮೈಗ್ರೇನ್ ತೊಲಗಿತು, ಮಾರ್ಫಿನ್ ಬೇಕಾಗಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ.

ಅವರು ಭಾರತಕ್ಕೆ ಬಂದದ್ದೂ ಒಂದು ಕಾಯಿಲೆಯ ಕಾರಣಕ್ಕೇ. ಮುಂಬೈಯಲ್ಲಿದ್ದ ಅವರ ತಾಯಿಗೆ ನರಸಂಬಂಧಿ ತೊಂದರೆಯಿತ್ತು. ಅವರಿಗೆ ಕಲಿಸೋಣವೆಂದು 1969ರ ಜೂನ್‌ನಲ್ಲಿ ಬಂದರು. ಜುಲೈ 3ರಂದು ಮುಂಬೈಯ ಧರ್ಮಶಾಲೆಯೊಂದರಲ್ಲಿ ಮೊದಲ ಶಿಬಿರ. ಕೂತವರು 14 ಜನ, ಅವರಲ್ಲಿ ತಂದೆತಾಯಿಯೂ ಇದ್ದರು. ಏಳು ವರ್ಷದ ನಂತರ, 1976ರಲ್ಲಿ, ಇಗತ್‌ಪುರಿಯ ಧಮ್ಮಗಿರಿ ಶುರುವಾಯಿತು. 2013ರಲ್ಲಿ ಗೋಯೆಂಕಾ ತೀರಿಕೊಂಡರು. ಅವರ ದನಿ ಮಾತ್ರ ಇಂದಿಗೂ ಅಲ್ಲಿ ಕೇಳುತ್ತದೆ. ಹತ್ತು ದಿನ ಮೌನ, ಮೊದಲ ಮೂರು ದಿನ ಉಸಿರಿನ ಗಮನ, ನಾಲ್ಕನೇ ದಿನದಿಂದ ತಲೆಯಿಂದ ಕಾಲಿನವರೆಗೆ ಮೈಯ ಒಂದೊಂದು ಭಾಗದ ಗಮನ. ಸೂಚನೆಗಳೆಲ್ಲ ಧ್ವನಿಮುದ್ರಿತ. ಶುಲ್ಕವಿಲ್ಲ, ಹಿಂದೆ ಕಲಿತವರ ದಾನದಿಂದ ನಡೆಯುತ್ತದೆ.

ಒಬ್ಬರ ಮೈಗ್ರೇನ್ ಹೋಯಿತೆಂದರೆ ಎಲ್ಲರದೂ ಹೋಗುತ್ತದೆ ಎಂದಲ್ಲ. ಅದು ಒಬ್ಬರ ಅನುಭವ, ಪುರಾವೆಯಲ್ಲ. ಈ ಮಾತನ್ನು ಕೇಂದ್ರವೇ ಒಪ್ಪುತ್ತದೆ. ಶರೀರದ ರೋಗ ಗುಣಪಡಿಸುವುದು ಇದರ ಉದ್ದೇಶವಲ್ಲ, ಇದು ವೈದ್ಯಕೀಯ ಅಥವಾ ಮನೋವೈದ್ಯಕೀಯ ಚಿಕಿತ್ಸೆಗೆ ಬದಲಿಯಲ್ಲ ಎಂದು ಶಿಬಿರದ ನಿಯಮಾವಳಿಯಲ್ಲೇ ಇದೆ. 'ಧ್ಯಾನ ಮಾಡಿದರೆ ಮಾತ್ರೆ ಬೇಡ' ಎಂದು ಅಮ್ಮಿಗೆ ಹೇಳಿದವರು ಈ ನಿಯಮಾವಳಿ ಓದಿರಲಿಲ್ಲ. ನಾವೂ ಓದಿರಲಿಲ್ಲ.

ಆಸ್ಪತ್ರೆಯೊಳಗೆ ಬಂದ ಧ್ಯಾನ

ಉ ಬಾ ಖಿನ್ ಪರಂಪರೆಯ ಆ ಮೈಗಮನದ ಅಭ್ಯಾಸ ಇನ್ನೊಂದು ದಾರಿಯಲ್ಲಿ ಅಮೆರಿಕ ತಲುಪಿತು. 1979ರಲ್ಲಿ ಜಾನ್ ಕಬಾಟ್ ಜಿನ್ ಎಂಬ ವಿಜ್ಞಾನಿ ಮಸಾಚುಸೆಟ್ಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಒಂದು ಕ್ಲಿನಿಕ್ ತೆರೆದರು. ಎಲ್ಲ ಚಿಕಿತ್ಸೆ ಮಾಡಿಸಿಯೂ ನೋವು ಹೋಗದವರು ಅಲ್ಲಿಗೆ ಬಂದರು. ಬೌದ್ಧ ಮತದ ವಿಧಿಗಳನ್ನೆಲ್ಲ ಬದಿಗಿಟ್ಟು ಉಸಿರು, ಮೈಯ ಗಮನ, ಸರಳ ಯೋಗ ಇಷ್ಟನ್ನೇ ಕಲಿಸಿದರು. ಮನೆಯಲ್ಲಿ ಕೇಳಲು ಕ್ಯಾಸೆಟ್ ಕೊಟ್ಟರು. ಇಂದು ಮೊಬೈಲಿನಲ್ಲಿ ಸಿಗುವ ಮಾರ್ಗದರ್ಶಿತ ಧ್ಯಾನಕ್ಕೆ ಆ ಕ್ಯಾಸೆಟ್ಟೂ ಒಂದು ಮೂಲ. 1982ರಲ್ಲಿ ಅವರು 51 ರೋಗಿಗಳ ಫಲಿತಾಂಶ ಪ್ರಕಟಿಸಿದರು. 10 ವಾರದ ಕೊನೆಗೆ ಶೇ. 65ರಷ್ಟು ಜನರಲ್ಲಿ ನೋವಿನ ಅಂಕ ಮೂರನೇ ಒಂದು ಭಾಗದಷ್ಟಾದರೂ ಇಳಿದಿತ್ತು. ಹೋಲಿಸಿ ನೋಡಲು ಬೇರೆ ಗುಂಪು ಇಲ್ಲದ ಸಣ್ಣ ಅಧ್ಯಯನ ಅದು, ಆದರೆ ದಾರಿ ತೆರೆಯಿತು.

2016ರಲ್ಲಿ ದೀರ್ಘಕಾಲದ ಸೊಂಟನೋವಿನ 342 ಜನರ ಮೇಲೆ ದೊಡ್ಡ ಪರೀಕ್ಷೆ ನಡೆಯಿತು. ಆರು ತಿಂಗಳ ನಂತರ ದಿನನಿತ್ಯದ ಕೆಲಸಗಳಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಕಂಡವರು ಧ್ಯಾನದ ಗುಂಪಿನಲ್ಲಿ ಶೇ. 60.5, ಆಪ್ತಸಮಾಲೋಚನೆಯ ರೀತಿಯ ಚಿಕಿತ್ಸೆ ಪಡೆದ ಗುಂಪಿನಲ್ಲಿ ಶೇ. 57.7, ಎಂದಿನ ಚಿಕಿತ್ಸೆಯಲ್ಲೇ ಮುಂದುವರಿದವರಲ್ಲಿ ಶೇ. 44.1. ಅಂದರೆ ಲಾಭ ಇದೆ, ಪವಾಡ ಇಲ್ಲ. ಧ್ಯಾನದ ಗುಂಪಿನ ಕೆಲವರಿಗೆ ತಾತ್ಕಾಲಿಕವಾಗಿ ನೋವು ಹೆಚ್ಚಿದ್ದೂ ದಾಖಲಾಗಿದೆ.

ಇದು ಹೇಗೆ ಕೆಲಸ ಮಾಡುತ್ತದೆ? ನೋವು ಎಂದರೆ ಸೊಂಟದಿಂದ ಮಿದುಳಿಗೆ ಹೋಗುವ ತಂತಿ ಸಂದೇಶ ಮಾತ್ರವಲ್ಲ. ಆ ಸಂದೇಶವನ್ನು ಎಷ್ಟು ಒಳಗೆ ಬಿಡಬೇಕು ಎಂದು ತಡೆಯುವ ಬಾಗಿಲಿನಂಥ ವ್ಯವಸ್ಥೆ ಬೆನ್ನುಹುರಿಯಲ್ಲಿದೆ, ಮಿದುಳೂ ಅದನ್ನು ನಿಯಂತ್ರಿಸುತ್ತದೆ ಎಂದು 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಮಂಡಿಸಿದರು. ಭಯ, ನಿದ್ರೆಗೇಡು, 'ಇನ್ನು ನನ್ನ ಕಥೆ ಮುಗೀತು' ಎಂಬ ಯೋಚನೆ ನೋವನ್ನು ದೊಡ್ಡದು ಮಾಡುತ್ತವೆ. ಗಮನದ ಅಭ್ಯಾಸ ಮುಟ್ಟುವುದು ಮುಖ್ಯವಾಗಿ ಇವನ್ನು. ಇಲ್ಲೊಂದು ಕುತೂಹಲದ ಸಂಗತಿ ಇದೆ. 2016ರಲ್ಲೇ ಫಾದಲ್ ಜೈದಾನ್ ಮತ್ತು ಸಂಗಡಿಗರು ಆರೋಗ್ಯವಂತರ ಮೇಲೆ ಒಂದು ಪ್ರಯೋಗ ಮಾಡಿದರು. ಮಾರ್ಫಿನ್‌ನಂಥ ವಸ್ತುಗಳ ಪರಿಣಾಮ ತಡೆಯುವ ನಲೋಕ್ಸೋನ್ ಕೊಟ್ಟರೂ ಧ್ಯಾನದಿಂದ ನೋವು ತಗ್ಗುವುದು ನಿಲ್ಲಲಿಲ್ಲ. ಅಂದರೆ ಧ್ಯಾನದ ದಾರಿ ಮಾರ್ಫಿನ್ನಿನ ದಾರಿಗಿಂತ ಬೇರೆ.

ನಮ್ಮ ಮನೆಗಳ ಪ್ರಶ್ನೆ

ಈಗ ನಾವು, ನೀವು ನೇರವಾಗಿ ಮಾತಾಡೋಣ. ನಮ್ಮಲ್ಲಿ ಬಹಳಷ್ಟು ಹೆಂಗಸರು ನೋವನ್ನು ಹೇಳುವುದೇ ಇಲ್ಲ. ಹೇಳದಿರುವುದನ್ನೇ ನಾವು ಸಬರ್ ಎಂದು ಕರೆದು ಹೊಗಳುತ್ತೇವೆ. ಆದರೆ ಪ್ರವಾದಿ ಅಯ್ಯೂಬ್ (ಅ) ತಮ್ಮ ಸಂಕಟವನ್ನು ಬಾಯಿಬಿಟ್ಟು ಪ್ರಭುವಿನಲ್ಲಿ ಹೇಳಿಕೊಂಡರು. ಹಾಗಿದ್ದೂ ಕುರ್‌ಆನ್ ಅವರನ್ನು ಸಹನಶೀಲರೆಂದೇ ಕೊಂಡಾಡುತ್ತದೆ. ಚಿಕಿತ್ಸೆ ಪಡೆಯಿರಿ ಎಂಬುದು ಪ್ರವಾದಿ ಮುಹಮ್ಮದ್ (ಸ) ಅವರ ಬೋಧನೆ. ಹಾಗಾದರೆ ಸಬರ್ ಎಂದರೆ ಬಾಯಿ ಮುಚ್ಚಿಕೊಂಡು ಸವೆಯುವುದು ಎಂದು ನಮಗೆ ಹೇಳಿಕೊಟ್ಟವರು ಯಾರು?

ಇಗತ್‌ಪುರಿಯಂಥ ಶಿಬಿರಕ್ಕೆ ಹೋಗಬಹುದೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ನಾನು ಆಲಿಮ್ ಅಲ್ಲ, ಫತ್ವಾ ಕೊಡುವವನಲ್ಲ. ಒಂದು ಸಂಗತಿ ಮಾತ್ರ ತಿಳಿಸುತ್ತೇನೆ. ಶಿಬಿರದ ದಿನಗಳಲ್ಲಿ ಬೇರೆ ಎಲ್ಲ ಪ್ರಾರ್ಥನೆ, ಉಪವಾಸ, ಜಪಮಾಲೆ ನಿಲ್ಲಿಸಬೇಕು ಎಂಬ ನಿಯಮ ಅಲ್ಲಿದೆ. ಅವರದನ್ನು ಮುಚ್ಚಿಟ್ಟಿಲ್ಲ, ಮೊದಲೇ ಹೇಳುತ್ತಾರೆ. ಐದು ಹೊತ್ತಿನ ನಮಾಜ್ ಬಿಡದವರು ಇದನ್ನು ತಿಳಿದೇ ನಿರ್ಧರಿಸಬೇಕು. ಆದರೆ ನೋವಿಗಾಗಿ ಉಸಿರನ್ನು ಗಮನಿಸಲು ಆ ಶಿಬಿರವೇ ಬೇಕೆಂದಿಲ್ಲ. ಫಿಸಿಯೋಥೆರಪಿಸ್ಟ್, ನೋವು ಚಿಕಿತ್ಸಾ ತಜ್ಞರು, ಮನಃಶಾಸ್ತ್ರಜ್ಞರು ಯಾವ ಮತದ ಬಣ್ಣವೂ ಇಲ್ಲದೆ ಕಲಿಸಬಲ್ಲರು.

ಅಮ್ಮಿ ಕಲಿತದ್ದು ಹಾಗೇ. ಬಿಪಿ ಮಾತ್ರೆ ಮತ್ತೆ ಶುರುವಾಯಿತು. ನೋವಿನ ಮಾತ್ರೆ ಎಷ್ಟು, ಯಾವಾಗ ಎಂದು ವೈದ್ಯರು ಬರೆದುಕೊಟ್ಟರು. ಫಿಸಿಯೋಥೆರಪಿಸ್ಟ್ ವ್ಯಾಯಾಮದ ಜೊತೆ ಕಾಲು ಗಂಟೆಯ ಒಂದು ಅಭ್ಯಾಸ ಹೇಳಿಕೊಟ್ಟರು. ಸೂಚನೆಗಳನ್ನು ನಾನೇ ದಖ್ನಿಯಲ್ಲಿ ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಟ್ಟೆ. ಫಜರ್ ಆದ ಮೇಲೆ ಅಮ್ಮಿ ಗೋಡೆಗೊರಗಿ ಕುರ್ಚಿಯಲ್ಲಿ ಕೂರುತ್ತಾರೆ. ಮೊದಲು ಉಸಿರು. ಆಮೇಲೆ ಪಾದ, ಮೊಣಕಾಲು, ತೊಡೆ. ನೋವಿರುವ ಸೊಂಟಕ್ಕೆ ಬಂದಾಗ ಓಡಿಹೋಗದೆ, ಜಗಳವಾಡದೆ, 'ಇಲ್ಲಿ ಬಿಗಿತ ಇದೆ, ಇಲ್ಲಿ ಬಿಸಿ ಇದೆ' ಎಂದು ಸುಮ್ಮನೆ ಗುರುತಿಸುವುದು. ತಡೆಯಲಾಗದಿದ್ದರೆ ಮತ್ತೆ ಉಸಿರಿಗೆ ಮರಳುವುದು. ಅಷ್ಟೇ.

ಮೊದಲ ವಾರ 'ಇದೇನು ಕೆಲಸವಿಲ್ಲದವರ ಕೆಲಸ' ಎಂದು ಬೈದರು. ಎರಡು ತಿಂಗಳಾದ ಮೇಲೆ ಒಂದು ದಿನ ಚಹಾ ಕುಡಿಯುತ್ತಾ ಅಂದರು: 'ದರ್ದ್ ತೊ ಹೈ ಬೇಟಾ, ಪನ್ ಡರ್ ಕಮ್ ಹುವಾ.' ನೋವು ಇದೆ ಮಗಾ, ಆದರೆ ಹೆದರಿಕೆ ಕಡಿಮೆಯಾಯಿತು.

ಹಾಗಾಗಿ ನಿಮ್ಮಲ್ಲಿ ನನ್ನ ವಿನಂತಿ ಇಷ್ಟು. ಮೂರು ತಿಂಗಳು ದಾಟಿದ ನೋವನ್ನು ಮೊದಲು ವೈದ್ಯರಿಗೆ ತೋರಿಸಿ. ಕಾಲು ಮರಗಟ್ಟುವುದು, ಮೂತ್ರದ ಹಿಡಿತ ತಪ್ಪುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ಒಂದು ದಿನವೂ ತಡ ಮಾಡಬೇಡಿ. ಬರೆದುಕೊಟ್ಟ ಮಾತ್ರೆಯನ್ನು ಯಾರದೋ ಮಾತು ಕೇಳಿ ಬಿಡಬೇಡಿ. ಕಣ್ಣು ಮುಚ್ಚಿ ಕೂತಾಗ ಹಳೆಯ ಕಹಿ ನೆನಪುಗಳು ನುಗ್ಗಿ ಬಂದು ಕಂಗೆಡಿಸಿದರೆ ಅಲ್ಲಿಗೇ ನಿಲ್ಲಿಸಿ, ತಜ್ಞರ ಜೊತೆ ಮಾತಾಡಿ. ಇಷ್ಟರ ಜೊತೆ ದಿನಕ್ಕೆ ಕಾಲು ಗಂಟೆ ಉಸಿರಿನ ಜೊತೆ ಕೂರಬಹುದು.

ತ್ರಿರಶ್ಮಿ ಬೆಟ್ಟದ ವಿಷ್ಣುದತ್ತಾಗೆ ಇದು ಸಾವಿರದ ಏಳುನೂರು ವರ್ಷಗಳ ಹಿಂದೆಯೇ ಗೊತ್ತಿತ್ತು. ಧ್ಯಾನಕ್ಕೆ ಕೂತವರಿಗೂ ಔಷಧ ಬೇಕು. ಇವತ್ತು ಸಂಜೆ ಮನೆಗೆ ಹೋದಾಗ, 'ಅಲ್‌ಹಮ್ದುಲಿಲ್ಲಾಹ್' ಎಂದು ಅಡುಗೆಮನೆಗೆ ಹೋಗುವ ಆ ತಾಯಿಯನ್ನು ಒಂದು ನಿಮಿಷ ಕೂರಿಸಿ ಕೇಳಿ: ಎಲ್ಲಿ ನೋಯುತ್ತಿದೆ, ಎಷ್ಟು ದಿನದಿಂದ, ಮಾತ್ರೆ ತಗೊಳ್ತಿದ್ದೀರಾ? ಉಳಿದದ್ದೆಲ್ಲ ಆಮೇಲೆ.